ಹೊಸ್ತು: ಕದಿರು ಮನೆಗೆ ಬರುವ ದಿನ



ಬೆಳೆ ಕೈಸೇರುವಾಗ ಹಬ್ಬ ಮಾಡದ ರೈತ ಸಮಾಜ ವಿರಳ. ಆದರೆ ಹಬ್ಬ ಕೊಯ್ಲಿನ ಆರಂಭದಲ್ಲಿ ಬರುತ್ತದೆಯೋ, ಮುಕ್ತಾಯದಲ್ಲಿ ಬರುತ್ತದೆಯೋ ಎಂಬುದರಲ್ಲಿ ಆ ಜನರ ಬಾಳುವೆಯ ಕಥೆಯೇ ಅಡಗಿರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ 'ಹೊಸ್ತು' ಆರಂಭದ ಹಬ್ಬ.

ಈ ಸೀಮೆಯಲ್ಲಿ ಮಳೆಗಾಲದ ಕಾರ್ತಿ ಬೆಳೆಯೇ ಮುಖ್ಯ. ಹಿಂದೆ ಆಷಾಢ ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳ ಹಳೆಯ ಅಕ್ಕಿ ತಳ ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಗದ್ದೆಯ ತೆನೆ ಬಲಿತರೆ ಮನಸ್ಸು ತಡೆಯುವುದು ಸುಲಭವಲ್ಲ. ಆ ಆತುರಕ್ಕೆ ಹಿರಿಯರು ಹಾಕಿದ ಕಡಿವಾಣವೇ ಹೊಸ್ತು. ದೇವರಿಗೆ ಒಪ್ಪಿಸದೆ ಹೊಸ ಅಕ್ಕಿ ಬಾಯಿಗಿಡುವಂತಿಲ್ಲ.

ಆಚರಣೆ ಸರಳವಾದದ್ದು. ಚೌತಿಯಿಂದ ನವರಾತ್ರಿಯವರೆಗೆ, ಮನೆತನದ ಪದ್ಧತಿಯಂತೆ ಒಂದು ಒಳ್ಳೆಯ ದಿನ ಗದ್ದೆಯಿಂದ ಕದಿರು ತರುತ್ತಾರೆ. ತುಳಸಿಕಟ್ಟೆಯ ಬಳಿ ಪೂಜಿಸಿ, ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ನಾರಿನಲ್ಲಿ ಕಟ್ಟುತ್ತಾರೆ. ಬಾಗಿಲು, ಕಂಬ, ಕಣಜ, ನೇಗಿಲಿಗೆ ಕಟ್ಟುವುದು ಹಳೆಯ ಕ್ರಮ. ಈಗ ಬೈಕು, ಕಾರುಗಳಿಗೂ ಆ ಗೌರವ ಸಲ್ಲುತ್ತದೆ. ಕೆಲವು ಕಾಳುಗಳನ್ನು ಕೈಯಿಂದ ಸುಲಿದು ಅನ್ನಕ್ಕೋ ಪಾಯಸಕ್ಕೋ ಬೆರೆಸುತ್ತಾರೆ. ಕಿರಿಯರು ಹಿರಿಯರಿಗೆ ನಮಸ್ಕರಿಸಿ ಊಟಕ್ಕೆ ಕೂರುತ್ತಾರೆ. ಕೊಲ್ಲೂರಿನ ಮೂಕಾಂಬಿಕಾ ದೇವಸ್ಥಾನದಲ್ಲಿ ವಿಜಯದಶಮಿಯಂದು ನವಾನ್ನಪ್ರಾಶನ ನಡೆಯುತ್ತದೆ.

ಇದು ಒಂದೇ ಮತದವರ ಸೊತ್ತಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕೊಂಕಣಿ ಕ್ಯಾಥೊಲಿಕರು ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು, ಅದರ ಕಾಳು ಸೇರಿಸಿದ ಹೊಸತನ್ನು ಸಸ್ಯಾಹಾರದೊಂದಿಗೆ ಉಣ್ಣುತ್ತಾರೆ.

ದೂರದ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ 'ಕ್ರಾಪ್ ಓವರ್' ಮುಕ್ತಾಯದ ಹಬ್ಬ. 'ಬೆಳೆ ಮುಗಿಯಿತು' ಎಂಬುದೇ ಆ ಹೆಸರಿನ ಅರ್ಥ. ಆಫ್ರಿಕದಿಂದ ತಂದ ಗುಲಾಮರು ಕಡಿದ ಕಬ್ಬು ಅವರದಾಗಿರಲಿಲ್ಲ. ದುಡಿತ ಮುಗಿಯಿತೆಂಬುದೇ ಅವರ ಸಂತೋಷ. ಅಲಂಕರಿಸಿದ ಕೊನೆಯ ಗಾಡಿ ಕಾರ್ಖಾನೆಗೆ ಬಂದಾಗ ಹಾಡು, ಕುಣಿತ. ಸಕ್ಕರೆ ಉದ್ಯಮ ಕುಸಿದಂತೆ 1940ರ ದಶಕದಲ್ಲಿ ಹಬ್ಬವೂ ಮಂಕಾಯಿತು. 1974ರಲ್ಲಿ ಪ್ರವಾಸಿಗರನ್ನು ಸೆಳೆಯಲೆಂದು ಅದಕ್ಕೆ ಮರುಜೀವ ಕೊಟ್ಟರು. ಈಗ ಅದು ವೇಷಭೂಷಣಗಳ ಭಾರಿ ಮೆರವಣಿಗೆ.

ಅದೇ 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತು. ಅಲ್ಲಿಯವರೆಗೆ ಕರಾವಳಿಯ ಎಷ್ಟೋ ಗೇಣಿದಾರರು ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಧಣಿಗಳ ಮನೆ ಸೇರುತ್ತಿತ್ತು. ಮುಂದೆ ಹಕ್ಕುಪತ್ರ ಪಡೆದ ಒಕ್ಕಲು ಬಾಗಿಲಿಗೆ ಕಟ್ಟಿದ ಕದಿರು ತನ್ನದೇ ಗದ್ದೆಯದ್ದಾಯಿತು.

ಈಗಿನ ಚಿಂತೆ ಬೇರೆ. ಕೂಲಿಯಾಳುಗಳ ಅಭಾವ, ಏರಿದ ಖರ್ಚು, ಪರವೂರಿನ ದುಡಿಮೆ ಇವುಗಳಿಂದ ಅನೇಕ ಗದ್ದೆಗಳು ಹಡಿಲು ಬಿದ್ದಿವೆ, ಕೆಲವು ತೋಟಗಳಾಗಿವೆ. ಬ್ರಹ್ಮಾವರವನ್ನೂ ಒಳಗೊಂಡ ಉಡುಪಿ ವಿಧಾನಸಭಾ ಕ್ಷೇತ್ರದಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆಸಿತು. ಗದ್ದೆಯಿಲ್ಲದವರು ನೆರೆಯವರಿಂದಲೋ ದೇವಸ್ಥಾನದಿಂದಲೋ ಕದಿರು ತಂದು ಹೊಸ್ತು ಉಣ್ಣುತ್ತಾರೆ. ಹಂಚಿ ಕಟ್ಟುವುದರಲ್ಲಿ ಕೊರತೆಯೇನೂ ಇಲ್ಲ. ಆದರೆ ಹಂಚುವುದಕ್ಕೂ ಯಾರಾದರೊಬ್ಬರು ಬೆಳೆಯಲೇಬೇಕು. ಹೊಸ್ತಿಗೆ ಮೆರವಣಿಗೆ ಬೇಡ, ಪ್ರವಾಸಿಗರೂ ಬೇಡ. ಅದಕ್ಕೆ ಬೇಕಾದದ್ದು ನಾಟಿಯಾದ ಒಂದು ಗದ್ದೆ. ಊರಿನಲ್ಲಿ ಅಂಥ ಗದ್ದೆ ಉಳಿದಿರುವಷ್ಟು ಕಾಲ ಈ ಹಬ್ಬಕ್ಕೆ ಅರ್ಥವೂ ಉಳಿದೀತು.