ಯಾವ ಮಹಡಿಯ ಗಾಳಿ?

(ಉಪನ್ಯಾಸದ ಪಠ್ಯ)



ಮಣ್ಣು ಪರೀಕ್ಷೆಗೆ ಮಾದರಿಯನ್ನು ಬೇರು ಇಳಿಯುವ ಆಳದಿಂದ ತೆಗೆಯಬೇಕೆಂಬುದು ರೈತರಿಗೆಲ್ಲ ತಿಳಿದ ಸಂಗತಿ. ಮೇಲ್ಪದರವನ್ನಷ್ಟೇ ಕೆರೆದು ಕೊಟ್ಟರೂ ವರದಿ ಬರುತ್ತದೆ; ಆದರೆ ಅದು ಗಿಡ ಉಣ್ಣುವ ಮಣ್ಣಿನ ವರದಿಯಲ್ಲ. ಬಹುಮಹಡಿ ನಗರಗಳ ಗಾಳಿಯ ವಿಷಯದಲ್ಲಿಯೂ ಪ್ರಶ್ನೆ ಇದೇ ಆಗಿದೆ: ಅಳೆದದ್ದು ಜನರು ಉಸಿರಾಡುವ ಗಾಳಿಯನ್ನೇ?

ಹಾಂಕಾಂಗ್ ನಗರವನ್ನೇ ನೋಡಬಹುದು. ಅಲ್ಲಿನ ಮಾಂಗ್ ಕಾಕ್, ಕಾಸ್‌ವೇ ಬೇ, ಸೆಂಟ್ರಲ್ ಎಂಬ ಮೂರು ಕಡೆಗಳ ರಸ್ತೆಬದಿಯ ಕೇಂದ್ರಗಳು ನೆಲದಿಂದ ಕೆಲವೇ ಮೀಟರ್ ಎತ್ತರದ ಗಾಳಿಯನ್ನು ಅಳೆಯುತ್ತವೆ. ಉಳಿದ ಕೇಂದ್ರಗಳು ಹೆಚ್ಚಾಗಿ ಕಟ್ಟಡಗಳ ತಾರಸಿಯ ಮೇಲಿವೆ. ಎರಡೂ ಸುಳ್ಳು ಹೇಳುವುದಿಲ್ಲ. ಆದರೆ 2ನೆಯ ಮಹಡಿಯ ಅಜ್ಜಿಯ ಉಸಿರಾಗಲಿ, 30ನೆಯ ಮಹಡಿಯ ಮಗುವಿನ ಉಸಿರಾಗಲಿ ಆ ಅಂಕಿಗಳಲ್ಲಿಲ್ಲ.

ಎತ್ತರದ ಕಟ್ಟಡಗಳ ನಡುವಿನ ಕಿರಿದಾದ ರಸ್ತೆಯನ್ನು ವಿಜ್ಞಾನಿಗಳು ‘ಬೀದಿ ಕಣಿವೆ’ ಎಂದೇ ಕರೆಯುತ್ತಾರೆ. ಮೇಲೆ ಅಡ್ಡಲಾಗಿ ಬೀಸುವ ಗಾಳಿಯು ಒಳಗೆ ಸುಳಿಯಾಗಿ ತಿರುಗಿ, ವಾಹನಗಳ ಹೊಗೆಯನ್ನು ಒಂದು ಪಕ್ಕದ ಗೋಡೆಗೆ ಒತ್ತುತ್ತದೆ. ಎದುರುಬದುರು ಮನೆಗಳಿಗೂ ಒಂದೇ ಗಾಳಿಯಲ್ಲ. ಕಣಿವೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡೀಸೆಲ್ ಹೊಗೆಯ ಕಪ್ಪು ಇಂಗಾಲವೂ ನೈಟ್ರಿಕ್ ಆಕ್ಸೈಡೂ ಮೇಲೇರಿದಂತೆ ಬೇಗನೆ ಕಡಿಮೆಯಾಗುತ್ತವೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ರೀತಿಯೇ ಬೇರೆ; ಅವುಗಳಲ್ಲಿ ದೂರದಿಂದ ತೇಲಿಬಂದ ಪಾಲು ದೊಡ್ಡದಾದುದರಿಂದ ಮಹಡಿಗಳ ನಡುವೆ ಅಷ್ಟು ಅಂತರ ಕಾಣುವುದಿಲ್ಲ. ಅದೊಂದನ್ನೇ ಅಳೆದರೆ ಕೆಳಮಹಡಿಯವರ ಪಾಡು ಮರೆಯಾಗುತ್ತದೆ. ಎತ್ತರದ ಮಹಡಿಗೆ ಬೆಲೆಯೂ ಹೆಚ್ಚೆಂಬುದನ್ನು ಇಲ್ಲಿ ನೆನೆಯಬೇಕು.

ಲಂಡನ್ನಿನ ಕಿಂಗ್ಸ್ ಕಾಲೇಜು ಹಾಗೂ ಹಾಂಕಾಂಗ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರು ಬೀದಿ ಕಣಿವೆಗಳಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಉಪಕರಣಗಳನ್ನಿರಿಸಿದರು. ಮನೆಗಳ ಒಳಗೂ ಹೊರಗೂ ಅಳೆದರು. ಜನರ ಸಂಚಾರದ ಸಮೀಕ್ಷೆಯನ್ನೂ ಲೆಕ್ಕಕ್ಕೆ ಸೇರಿಸಿದರು. ಮನುಷ್ಯನು ವಿಳಾಸದಲ್ಲಿ ಕುಳಿತಿರುವುದಿಲ್ಲವಷ್ಟೆ.

ಈ ಲೆಕ್ಕ ಕಷ್ಟದ್ದಲ್ಲ. ಒಬ್ಬಾಕೆ ಮೇಲ್ಮಹಡಿಯ ಮನೆಯಲ್ಲಿ 14 ಗಂಟೆ, ರಸ್ತೆಗೆ ತೆರೆದ ಅಂಗಡಿಯಲ್ಲಿ 9 ಗಂಟೆ, ಬಸ್ಸಿನಲ್ಲಿ 1 ಗಂಟೆ ಇರುತ್ತಾಳೆನ್ನೋಣ. ನೈಟ್ರೋಜನ್ ಡೈಆಕ್ಸೈಡ್ ಪ್ರತಿ ಘನ ಮೀಟರಿಗೆ ಕ್ರಮವಾಗಿ 20, 60, 100 ಮೈಕ್ರೋಗ್ರಾಂ ಎಂದಿಟ್ಟುಕೊಂಡರೆ, ಅವಳ ದಿನದ ಸರಾಸರಿ 38 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಈ ಅನಿಲದ ವಾರ್ಷಿಕ ಮಿತಿಯನ್ನು 40ರಿಂದ 10ಕ್ಕೆ ಇಳಿಸಿದೆ. ಅವಳ ಮನೆಯ ತಾರಸಿಯಲ್ಲೊಂದು ಮಾಪಕವಿದ್ದರೆ, ಅದು ಸುಮಾರು 20 ಎಂದೇ ಬರೆದುಕೊಳ್ಳುತ್ತಿರುತ್ತದೆ.