ಠಾಣೆಯ ಕರೆ ಮತ್ತು ಪ್ರಮಾಣದ ಪ್ರಶ್ನೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ಕಾಗದ ಹಿಡಿದುಕೊಂಡು ನನ್ನ ಮನೆಗೆ ಬಂದರು. ಅವರಿಗೆ ಎಪ್ಪತ್ತೆರಡು ವರ್ಷ. ಮುಂಬಯಿಗೆ ಬಂದು ಅರ್ಧ ಶತಮಾನವಾಗಿದೆ. ಜಾತ್ರೆಗೆಂದು ಊರಿಗೆ ಹೋಗಿದ್ದಾಗ ಅವರ ಕಣ್ಣೆದುರಿಗೇ ಒಂದು ಹೊಡೆದಾಟ ನಡೆದಿತ್ತು. ಸಾಕ್ಷಿ ಹೇಳಲು ಬರಬೇಕೆಂದು ಆ ಕಡೆಯ ಪೊಲೀಸ್ ಠಾಣೆಯಿಂದ ಕರೆ ಬಂದಿತ್ತು. "ಅಲ್ಲಿ ದೇವರ ಮೇಲೆ ಪ್ರಮಾಣ ಮಾಡಿಸಿ ಸಹಿ ಹಾಕಿಸಿಕೊಳ್ಳುತ್ತಾರಂತೆ, ನಿಜವೇ?" ಎಂದು ಕೇಳಿದರು. ನಿಜವಲ್ಲ. ಆದರೆ ಓದು ಬಲ್ಲವರಲ್ಲಿಯೂ ಈ ಭಯವಿದೆ.

ಸಾಕ್ಷಿಯನ್ನು ಲಿಖಿತ ಆದೇಶದಿಂದ ಕರೆಸುವ ಅಧಿಕಾರ ತನಿಖಾಧಿಕಾರಿಗೆ ಇದೆ. ಹಿಂದೆ ಅದು ದಂಡಪ್ರಕ್ರಿಯಾ ಸಂಹಿತೆಯ 160ನೆಯ ಕಲಮು; 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮು. ಆದರೆ ಕರೆಯಲ್ಪಟ್ಟವನು ಆ ಠಾಣೆಯ ಇಲ್ಲವೇ ಅದಕ್ಕೆ ಹೊಂದಿಕೊಂಡ ಠಾಣೆಯ ಸರಹದ್ದಿನಲ್ಲಿ ಇರಬೇಕು. ಮಹಿಳೆಯರನ್ನೂ ಅರವತ್ತು ದಾಟಿದವರನ್ನೂ ಅವರು ವಾಸಿಸುವ ಸ್ಥಳದಲ್ಲಿಯೇ ವಿಚಾರಿಸಬೇಕು. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರನ್ನು ಠಾಣೆಗೆ ಕರೆಸಿದ್ದು ಈ ನಿಯಮದ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಹೇಳಿತು. ಮಾಜಿ ಮುಖ್ಯಮಂತ್ರಿಗೇ ಹೀಗಾದರೆ ಉಳಿದವರ ಪಾಡನ್ನು ಊಹಿಸಿಕೊಳ್ಳಿ.

ಇನ್ನು ಪ್ರಮಾಣದ ಮಾತು. ತನಿಖೆಯಲ್ಲಿ ಪೊಲೀಸರು ಯಾರಿಂದಲೂ ಪ್ರಮಾಣ ಮಾಡಿಸುವಂತಿಲ್ಲ. ಬರೆದುಕೊಂಡ ಹೇಳಿಕೆಗೆ ಸಹಿಯನ್ನೂ ಪಡೆಯುವಂತಿಲ್ಲ. ಪ್ರಮಾಣವಿಲ್ಲವೆಂದ ಮಾತ್ರಕ್ಕೆ ಸುಳ್ಳು ಹೇಳಬಹುದೆಂದಲ್ಲ. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗಳನ್ನು ಬಿಟ್ಟು ಉಳಿದವಕ್ಕೆ ಸತ್ಯವಾಗಿ ಉತ್ತರಿಸಲೇಬೇಕು. ವಿಚಾರಣೆಗೆ ಮೊದಲೇ ಸಾಕ್ಷಿಯ ಹೇಳಿಕೆ ಪ್ರಮಾಣಪೂರ್ವಕವಾಗಿ ಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಕೂಡದೆಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ತನ್ನ ಪೊಲೀಸನ್ನು ಆಳುವ ಬ್ರಿಟಿಷ್ ಸರಕಾರವೇ ಪೂರ್ತಿ ನಂಬಿರಲಿಲ್ಲ!

ಈ ಮಾತನ್ನು ಪೊಲೀಸರನ್ನು ಹಳಿಯುವುದಕ್ಕಾಗಿ ಆಡುತ್ತಿಲ್ಲ. ಇನ್‌ಸ್ಪೆಕ್ಟರರಿಗೆ ಇಲ್ಲದ ಈ ಅಧಿಕಾರ ನನ್ನಂಥ ಗುಮಾಸ್ತಗಿರಿಯ ಅಧಿಕಾರಿಗೆ ಇತ್ತು! 1961ರ ಆದಾಯ ತೆರಿಗೆ ಕಾಯ್ದೆಯ 131ನೆಯ ಕಲಮು ಅಧಿಕಾರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವನ್ನೇ ಕೊಟ್ಟಿತು. 1962ರ ಕಸ್ಟಮ್ಸ್ ಕಾಯ್ದೆಯ 108ನೆಯ ಕಲಮಿನ ವಿಚಾರಣೆಯೂ ನ್ಯಾಯಾಂಗ ನಡವಳಿಯೆಂದೇ ಪರಿಗಣಿತ. ಇಂಥ ಕಲಮುಗಳಲ್ಲೊಂದರ ಬಲದಿಂದ ನಾನೂ ಸಮನ್ಸ್ ಹೊರಡಿಸಿದ್ದೇನೆ, ಪ್ರಮಾಣ ಮಾಡಿಸಿದ್ದೇನೆ.

ಒಮ್ಮೆ ಬಟ್ಟೆ ಅಂಗಡಿಯ ಲೆಕ್ಕ ಬರೆಯುವವನೊಬ್ಬನು ನನ್ನೆದುರು ಪ್ರಮಾಣ ಮಾಡಿ, "ನೆನಪಿಲ್ಲ ಸ್ವಾಮಿ" ಎಂದನು. ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆ ಏನೆಂಬುದನ್ನು ಓದಿ ಹೇಳಿದೆ. ಕೂಡಲೇ ನೆನಪು ಬಂದಿತು. ಒಂದು ಮೊತ್ತ ಹೇಳಿದನು. ವರ್ಷದ ಮೇಲೆ ಪುಸ್ತಕಗಳು ಸಿಕ್ಕಾಗ ಆ ಮೊತ್ತ ಎಲ್ಲಿಯೂ ಇರಲಿಲ್ಲ. ನನಗೆ ಬೇಕಾದದ್ದನ್ನು ಅವನು ಹೇಳಿದ್ದನು. ನನ್ನದು ಠಾಣೆಯಾಗಿರಲಿಲ್ಲ, ಲಾಠಿಯೂ ಇರಲಿಲ್ಲ. ಠಾಣೆಗೆ ಪ್ರಮಾಣದ ಅಧಿಕಾರ ಏಕಿಲ್ಲವೆಂಬುದು ಅಂದು ತಿಳಿಯಿತು. ನನಗೇಕೆ ಇದೆಯೆಂಬುದು ಇನ್ನೂ ತಿಳಿದಿಲ್ಲ.

ಹಿರಿಯರು ತಮ್ಮ ವಯಸ್ಸನ್ನೂ ವಿಳಾಸವನ್ನೂ ತಿಳಿಸಿ, ಮನೆಯಲ್ಲಿ ಹೇಳಿಕೆ ಕೊಡಲು ಸಿದ್ಧನೆಂದು ಉತ್ತರ ಬರೆದರು. ಮೂರು ವಾರಗಳ ಮೇಲೆ ಇಬ್ಬರು ಪೊಲೀಸರು ಮುಂಬಯಿಗೆ ಬಂದು, ಕಂಡದ್ದನ್ನು ಕೇಳಿ ಬರೆದುಕೊಂಡರು. ಕೊನೆಗೆ ಒಬ್ಬರು, "ಇಲ್ಲೊಂದು ಸಹಿ ಹಾಕ್ರಿ ಅಜ್ಜಾರ" ಎಂದರಂತೆ. "ಕಾಯ್ದೆಯಾಗ ಇಲ್ಲಪ್ಪ" ಎಂದರಂತೆ ಇವರು. ಪೊಲೀಸಪ್ಪ ನಕ್ಕು ಪೆನ್ನು ಜೇಬಿಗಿಟ್ಟುಕೊಂಡು, ಚಹಾ ಕುಡಿದು ಹೋದನಂತೆ.