ಮನೆಗೆ ಬಂದ ಕಾಲೇಜು

ಯಂತ್ರವೆಂದರೆ ಗಂಡುಮಕ್ಕಳಿಗೆ ಒಲವು, ಹೆಣ್ಣುಮಕ್ಕಳಿಗೆ ಅಳುಕು ಎಂಬ ಮಾತನ್ನು ತಾವು ಕೇಳಿರಬಹುದು. ಅಂತರಜಾಲದ ಮೂಲಕ ಪಾಠ ಕಲಿಯುವ ವಿಷಯದಲ್ಲಿಯೂ ಈ ಮಾತು ಬರುತ್ತದೆ. ಇದು ಎಷ್ಟರಮಟ್ಟಿಗೆ ಸರಿ ಎಂದು ವಿಚಾರಮಾಡೋಣ.

ತುಮಕೂರು ನಗರದ ಮರಳೂರನ್ನೇ ತೆಗೆದುಕೊಳ್ಳಿ. ಅಲ್ಲಿ 1979ರಲ್ಲಿ ಸ್ಥಾಪನೆಯಾದ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯವಿದೆ. ಅದೇ ನಗರದಲ್ಲಿ 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿತು. ಗುಬ್ಬಿ, ಕುಣಿಗಲ್ ಕಡೆಯ ತರುಣ ತರುಣಿಯರು ಓದಿಗಾಗಿ ಬಂದುಹೋಗುವ ಊರಿದು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಕಾಲೇಜುಗಳು ಮುಚ್ಚಿದುವು. ಪಾಠವೇ ಮನೆಗೆ ಬಂದಿತು.

ಮನೆಗೆ ಬಂದ ಪಾಠ ಎಲ್ಲರ ಕೈಗೂ ಸಮನಾಗಿ ಸಿಕ್ಕಿತೆ? ದೇಶದ ಎರಡು ಲೆಕ್ಕಗಳನ್ನು ನೋಡಿ. 2020–21ರಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ಹೆಣ್ಣುಮಕ್ಕಳಲ್ಲಿ ನೂರಕ್ಕೆ 27.9, ಗಂಡುಮಕ್ಕಳಲ್ಲಿ 26.7. ಓದುವ ಆಸೆಯಲ್ಲಿ ಹುಡುಗಿಯರು ಹಿಂದೆ ಬಿದ್ದಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಒಮ್ಮೆಯಾದರೂ ಅಂತರಜಾಲ ಬಳಸಿದ್ದವರು ಹೆಂಗಸರಲ್ಲಿ ನೂರಕ್ಕೆ 33, ಗಂಡಸರಲ್ಲಿ 57. ಕೊರತೆ ಇರುವುದು ಮನಸ್ಸಿನಲ್ಲಲ್ಲ, ಕೈಯಲ್ಲಿ.

ಮನೆಯಲ್ಲಿ ಮೊಬೈಲು ಒಂದೇ ಇದ್ದರೆ ಅದು ಮೊದಲು ಯಾರ ಪಾಲಿಗೆ? ಪಾಠದ ನಡುವೆ "ಒಲೆಯ ಮೇಲೆ ಹಾಲಿದೆ, ನೋಡಮ್ಮ" ಎಂಬ ಕೂಗು ಯಾರಿಗೆ? ಮನೆಯ ಒಳಗು ಹತ್ತು ಜನರಿಗೆ ಕಾಣುವುದೆಂದು ಹುಡುಗಿಯೊಬ್ಬಳು ಕ್ಯಾಮೆರಾ ಮುಚ್ಚಿದರೆ, ಅದು ಪಾಠದಲ್ಲಿ ಅನಾದರವಲ್ಲ, ಸಂಕೋಚ. ಹೀಗಿರುವಾಗ ಆಕೆಗೆ ಈ ಕಲಿಕೆ ಬೇಸರವೆನಿಸಿದರೆ ಆಶ್ಚರ್ಯವೇನು?

ಹಾಗೆಂದು ಈ ಕಲಿಕೆ ಕೀಳೆಂದಲ್ಲ. ಮುದ್ರಿಸಿಟ್ಟ ಪಾಠವನ್ನು ರಾತ್ರಿ ಮತ್ತೆ ಕೇಳಬಹುದು. ತರಗತಿಯಲ್ಲಿ ಎದ್ದುನಿಂತು ಕೇಳಲು ಅಂಜುವವಳು ಪ್ರಶ್ನೆಯನ್ನು ಬರೆದು ಕಳುಹಿಸಬಹುದು. ಮದುವೆಯಿಂದ ಓದು ನಿಂತವಳು ಮತ್ತೆ ಪುಸ್ತಕ ತೆರೆಯಬಹುದು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಆರಂಭಿಸಿದಾಗ ತೆರೆದದ್ದೂ ಇಂಥದೇ ಬಾಗಿಲು.

ಆದರೆ ಒಂದು ಎಚ್ಚರಿಕೆ ಬೇಕು. "ಮೊಬೈಲಿನಲ್ಲೇ ಪಾಠ ಸಿಗುವಾಗ ಹುಡುಗಿಗೆ ಕಾಲೇಜೇಕೆ?" ಎಂಬ ಮಾತು ಮನೆಯಲ್ಲಿ ಹುಟ್ಟಬಾರದು. ಕಾಲೇಜು ಎಂದರೆ ಪಾಠವೊಂದೇ ಅಲ್ಲ. ಬಸ್ಸಿನ ಪಯಣ, ಗ್ರಂಥಾಲಯ, ಪ್ರಯೋಗಶಾಲೆ, ಗೆಳತಿಯರೊಡನೆ ವಾದ, ಇವೆಲ್ಲವೂ ವಿದ್ಯೆಯೇ. ಮನೆಗೆ ಬಂದ ಬಾಗಿಲು ಹೊರಗಿನ ಬಾಗಿಲನ್ನು ಮುಚ್ಚಬಾರದು.

ತಂದೆತಾಯಿಗಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ಮಗನಿಗೆ ಕೊಡುವ ಮೂಲೆ, ಮೊಬೈಲು, ನಿಶ್ಶಬ್ದದ ಒಂದು ಗಂಟೆ, ಇಷ್ಟನ್ನು ಮಗಳಿಗೂ ಕೊಡಿ. ಒಲೆಯ ಮೇಲಿನ ಹಾಲನ್ನು ಒಂದೊಂದು ದಿನ ಮಗನೂ ನೋಡಲಿ. ಆಮೇಲೆ ಯಾರಿಗೆ ಒಲವು, ಯಾರಿಗೆ ಅಳುಕು ಎಂದು ಅಳೆಯೋಣ.